ಊರು ಕೊಟ್ಟ ಪ್ರಮೋಷನ್ನು

ನಮ್ಮ ಕೊಡಗಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಬೀಳೋದು ಯಾರೋ ಒಬ್ಬ ಮಿಲಿಟರಿಯವರ ಮನೆ ಹೆಂಚಿನ ಮೇಲೇ. ಅವರ ಮಕ್ಕಳು ಬರೋದು ನಮ್ಮ ಕಾಲೇಜಿಗೆ. ಅಪ್ಪಂದಿರು ಬರೋದು ಆಫೀಸಿನಲ್ಲಿ ಸ್ಕಾಲರ್‌ಶಿಪ್ ಕೆಲಸ ನೋಡುವ ನನ್ನ ಮೇಜಿಗೆ. ಹಾಗಾಗಿ ನನಗೆ ಸಂಬಳ ಕಡಿಮೆಯಾದರೂ ನಗುವಿಗೆ ಬರ ಇಲ್ಲ.

೧. ಸಾಲು

ಅಡ್ಮಿಷನ್ ಶುರುವಾದ ದಿನ ನಾನು ಹೋಗುವಷ್ಟರಲ್ಲಿ ಮಾಜಿ ಸೈನಿಕರೆಲ್ಲ ಬಾಗಿಲ ಮುಂದೆ ನೂಲು ಹಿಡಿದ ಹಾಗೆ ನಿಂತಿದ್ದರು. ಶಭಾಷ್ ಅಂದುಕೊಂಡು ಮೊದಲನೆಯವರನ್ನು ಕರೆದೆ. ನೋಡಿದರೆ ಅವರು ಆಗತಾನೇ ಜೀಪಿನಿಂದ ಇಳಿದವರು! ಎಲ್ಲರಿಗಿಂತ ಮೊದಲು ಬಂದಿದ್ದ ಸಿಪಾಯಿ ಕೊನೆಯಲ್ಲಿದ್ದ. ದೊಡ್ಡ ರ‍್ಯಾಂಕಿನವರು ಬಂದಾಗಲೆಲ್ಲ ಹಿಂದೆ ಸರಿದೂ ಸರಿದೂ ಪಾಪ ಗೇಟಿನ ಆಚೆ ಹೋಗಿಬಿಟ್ಟಿದ್ದ. ಬಂದವರು ಬಂದ ಹಾಗೆ ಬನ್ನಿ ಅಂತ ನಾನು ಗದರಿದರೆ ಮುನಿಸಿಕೊಂಡವನು ಅವನೇ. "ಮೇಡಂ, ಎಲ್ಲದಕ್ಕೂ ಒಂದು ಪದ್ಧತಿ ಇರುತ್ತೆ" ಅಂದ.

೨. ಬಾಗಿಲು ಹಾಕಿಕೊಂಡು

ಆ ಸಾಲಿಗೆ ಸೇರದವರು ಒಬ್ಬರೇ, ನಮ್ಮೂರಿನ ಸುಬೇದಾರ್ರು. ಎಲ್ಲರೂ ಹೋದ ಮೇಲೆ ಒಳಗೆ ಬಂದು ಬಾಗಿಲು ಹಾಕಿದರು. ಮಗಳಿಗೆ ಬಿ.ಎಸ್ಸಿ. ಎರಡನೇ ವರ್ಷ. ಮಿಲಿಟರಿಯವರ ಮಕ್ಕಳ ಓದಿಗೆ ಕೊಡುವ ಸಹಾಯಧನ ಸಿಗದಿದ್ದರೆ ಅವಳು ಮನೆಯಲ್ಲೇ ಕೂರಬೇಕು ಅಂದರು. ಆ ಹುಡುಗಿ ಓದಿನಲ್ಲಿ ಬಲು ಚುರುಕು, ನನಗೂ ಅಯ್ಯೋ ಅನಿಸಿತು. ಆದರೆ ಅದು ಹವಾಲ್ದಾರ್ ರ‍್ಯಾಂಕಿನವರೆಗೆ ಮಾತ್ರ, ಸುಬೇದಾರ್ರಿಗೆ ಬರಲ್ಲ ಅಂದೆ.

ಅವರು ಕಿಟಕಿಯನ್ನೂ ಮುಚ್ಚಿದರು.

"ನಾನು ಹವಾಲ್ದಾರೇ ತಂಗಿ. ಸುಬೇದಾರ್ ಮಾಡಿದ್ದು ಊರಿನವರು."

ರಿಟೈರಾಗಿ ಬಂದ ದಿನ ಬಸ್ಸಿನ ಕಂಡಕ್ಟರ್ ಬಾಯ್ತಪ್ಪಿ ಸುಬೇದಾರ್ರೇ ಅಂದನಂತೆ. ತಿದ್ದೋಣ ಅನ್ನುವಷ್ಟರಲ್ಲಿ ಕೂರಲು ಸೀಟು ಸಿಕ್ಕಿತಂತೆ. ಆಮೇಲೆ ದೊಡ್ಡ ಮಗಳ ಮದುವೆ ಕಾರ್ಡಿನಲ್ಲೂ ಅಚ್ಚಾಯಿತು. ಸಾಲಿನಲ್ಲಿ ತಮ್ಮ ಜಾಗಕ್ಕೆ ನಿಂತರೆ ಊರಿಗೆ ಗೊತ್ತಾಗುತ್ತೆ, ಸುಬೇದಾರ್ ಜಾಗಕ್ಕೆ ನಿಂತರೆ ಮಿಲಿಟರಿಯವರು ಹಿಡೀತಾರೆ. ಹವಾಲ್ದಾರ್ ಅಂತಲೇ ಅರ್ಜಿ ಬರೆದುಕೊಟ್ಟು, ಯಾರಿಗೂ ಹೇಳಲ್ಲ ಅಂತ ನನ್ನಿಂದ ಆಣೆ ಹಾಕಿಸಿಕೊಂಡರು. ಮಿಲಿಟರಿಗೆ ಅಷ್ಟು ವರ್ಷ ಹಿಡಿದರೂ ಆಗದ ಕೆಲಸವನ್ನು ನಮ್ಮೂರ ಬಸ್ಸು ಒಂದೇ ಟ್ರಿಪ್ಪಿನಲ್ಲಿ ಮಾಡಿತ್ತು.

೩. ಹೋಟೆಲಿನ ಬೆಂಚು

ಅರ್ಜಿ ಹಾಕಿದವರನ್ನು ಕಣ್ಣಾರೆ ನೋಡಿ ಹೋಗಲು ಸೈನಿಕ ಇಲಾಖೆಯ ಒಬ್ಬ ಸಾಹೇಬರು ಊರಿಗೇ ಬಂದರು. ಅವತ್ತು ಭಾನುವಾರ. ನಾನು ಹೋಟೆಲಿನಲ್ಲಿ ಕಡುಬು ಕಟ್ಟಿಸಿಕೊಳ್ಳುತ್ತಿದ್ದೆ. ನಮ್ಮ ಸುಬೇದಾರ್ರು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಊರಿನ ಕ್ಯಾಪ್ಟನ್ ಸಾಹೇಬರು ಪೇಪರ್ ಓದುತ್ತಿದ್ದರು. ಸುಬೇದಾರ್ರು ದಿನಾ ಬೆಳಗ್ಗೆ ಎದ್ದು ನಿಂತು ಅವರಿಗೆ ಸಲ್ಯೂಟ್ ಹೊಡೆದೇ ಕೂರುವುದು.

ಇಲಾಖೆಯ ಸಾಹೇಬರು ಬಂದು ಹವಾಲ್ದಾರ್ರ ಮನೆ ಎಲ್ಲಿ ಅಂತ ಕೇಳಿದರು. ನಮ್ಮೂರಲ್ಲಿ ಹವಾಲ್ದಾರ್ ಅಂತ ಯಾರೂ ಇಲ್ಲ, ಇರೋರೆಲ್ಲ ಸುಬೇದಾರ್ರು, ಇಲ್ಲಾ ಅದಕ್ಕೂ ಮೇಲಿನವರೇ ಅಂತ ಹೋಟೆಲಿನವನು ಎದೆ ಉಬ್ಬಿಸಿ ಹೇಳಿದ. ಹಾಗಾದರೆ ಅರ್ಜಿ ಸುಳ್ಳು ಅಂತ ಬರೆದುಕೊಳ್ಳಲು ಸಾಹೇಬರು ಪೆನ್ನು ತೆಗೆದರು. ಆಣೆ ಮುರಿಯೋ ಹಾಗಿಲ್ಲ, ಸುಮ್ಮನಿದ್ದರೆ ಆ ಹುಡುಗಿಯ ಓದು ಮುಗಿಯಿತು.

ಸುಬೇದಾರ್ರು ಚಹಾ ಕೆಳಗಿಟ್ಟು ಎದ್ದರು. ಮುಖ ಕೆಂಪಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

"ಹವಾಲ್ದಾರ್ ನಾನೇ ಸಾರ್."

ಸಾಹೇಬರು ಗುರುತಿನ ಚೀಟಿ ನೋಡಿ, ಎಲ್ಲ ಸರಿ ಇದೆ, ಮಗಳನ್ನು ಓದಿಸಿ ಅಂದರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಇಲಾಖೆಯವರು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಕ್ಯಾಪ್ಟನ್ ಸಾಹೇಬರು ಪೇಪರ್ ಮಡಿಚಿ, ಮೆಲ್ಲಗೆ ಅವರ ಕಿವಿಯ ಹತ್ತಿರ ಹೋದರು. ತಮ್ಮ ಮಗನೂ ಈ ವರ್ಷ ಕಾಲೇಜು ಸೇರಿದ್ದಾನೆ, ಈ ದುಡ್ಡು ನಾಯಕ್ ಆಗಿದ್ದವರಿಗೂ ಸಿಗುತ್ತಾ ಅಂತ ಕೇಳಿದ್ದು ನಮಗೂ ಕೇಳಿಸಿತು.

ನಾಯಕ್ ಅಂದರೆ ಹವಾಲ್ದಾರನಿಗಿಂತ ಒಂದು ಮೆಟ್ಟಿಲು ಕೆಳಗೆ. ನಮ್ಮ ಹವಾಲ್ದಾರ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೋಗಿ ಆ ಕುರ್ಚಿಯಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತರು.

"ಅರ್ಜಿ ಆಮೇಲೆ ಕೊಡುವಿಯಂತೆ. ಮೊದಲು ಸಲ್ಯೂಟ್ ಹೊಡಿ, ಇಷ್ಟು ವರ್ಷದ್ದೂ ಸೇರಿಸಿ!"