ಮಾವನಿಗೆ ಎಣಿಕೆ ಕಲಿಸಿದ ಅಳಿಯ

ತಿಪಟೂರಿನ ಗ್ಯಾಸ್ ಏಜೆನ್ಸಿಯೊಂದರಲ್ಲಿ ಬಿಲ್ ಬರೆಯುವ ಕಲ್ಲೇಶನಿಗೆ ಯಾರಿಗಾದರೂ ಏನಾದರೂ ಕಲಿಸಬೇಕೆಂಬ ಚಪಲ ಬಹಳ ಹಳೆಯದು. ಕಲಿಯುವವರು ಸಿಕ್ಕಿರಲಿಲ್ಲ, ಅಷ್ಟೆ. ಕೊನೆಗೆ ಸಿಕ್ಕಿದವರು ಹೆಂಡತಿಯ ತಂದೆ ನಂಜುಂಡಪ್ಪನವರು.

ಲಕ್ವ ಹೊಡೆದ ಮೇಲೆ ಮಾವನ ಕೈಕಾಲು ಸುಧಾರಿಸಿದರೂ ಮಾತು, ಅಂಕಿ ಎರಡೂ ಕೈಕೊಟ್ಟಿದ್ದವು. ಬಿಳಿಗೆರೆಯ ತಮ್ಮ ತೆಂಗಿನ ತೋಟದಲ್ಲಿ ಈ ಸಲ ಕಾಯಿ ಕೆಡವಿದಾಗ ತಾವೇ ಎಣಿಸಬೇಕೆಂಬುದೊಂದೇ ಅವರ ಆಸೆ. "ಕಾಯಿ... ನಾನು..." ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಡಾಕ್ಟರು "ಕಂಪ್ಯೂಟರಿನಲ್ಲಿ ಎಣಿಸೋ ಆಟ ಆಡಿಸಿ ನೋಡಿ" ಎಂದದ್ದೇ ತಡ, ಕಲ್ಲೇಶ ಮುಚ್ಚಿಹೋದ ಸೈಬರ್ ಸೆಂಟರಿನಿಂದ ಕಂಪ್ಯೂಟರನ್ನೂ ಬಿಳಿಗೆರೆಯಿಂದ ಮಾವನನ್ನೂ ಮನೆಗೆ ತಂದ.

ಪರದೆಯ ಮೇಲೆ ಸೇಬು ಉದುರುತ್ತವೆ. ಎಣಿಸಿ ಅಂಕಿ ಒತ್ತಬೇಕು. ಎಂಟು ಉದುರಿದರೆ ಮಾವ ನಾಲ್ಕು ಒತ್ತುತ್ತಿದ್ದರು. ಏಳಕ್ಕೆ ಮೂರು ಒತ್ತಿ, ಮಿಕ್ಕ ಸೇಬನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಲು ನೋಡುತ್ತಿದ್ದರು. ಕಂಪ್ಯೂಟರ್ 'ಕೊರ್ರ್' ಎಂದು ಗದರುತ್ತಿತ್ತು. (ಅದು ಸಾಲದೆಂದು ಅಳಿಯನೂ.)

"ಅರ್ಧಕ್ಕೇ ನಿಲ್ಲಿಸ್ತೀರಲ್ಲ ಮಾವ! ಪೂರ್ತಿ ನೋಡಿ!"

"ರೀ, ಅಪ್ಪಂಗೆ ಮೆಲ್ಲಗೆ ಹೇಳ್ಬಾರ್ದಾ?" ಅಡುಗೆಮನೆಯಿಂದ ಕೃತಿಕಾ.

"ವಿದ್ಯೆ ಅಂದ್ರೆ ಶಿಸ್ತು ಕಣೇ!"

ಶಿಸ್ತಿನ ಮಹಿಮೆಯಿಂದ ಮಾವ ಕಂಪ್ಯೂಟರ್ ಕಂಡರೆ ಎರಡೂ ಕೈಗಳನ್ನು ಟವೆಲಿನಡಿ ಅಡಗಿಸತೊಡಗಿದರು.

ಭಾನುವಾರ ಅತ್ತೆ ಚಿಕ್ಕಗೌರಮ್ಮ ಬಂದರು. ಅವರ ಬಲವಂತಕ್ಕೆ ಮಾವ ಒಂದಾಟ ಆಡಿದರು. 'ಕೊರ್ರ್.'

"ಸರಿಯಾಗೇ ಎಣಿಸ್ತಾವ್ರಲ್ಲ ಅಳಿಯಂದ್ರೇ!" ಎಂದರು ಅತ್ತೆ. "ಒಂದೊಂದು ಕೈಗೆ ಒಂದೊಂದು ಕಾಯಿ ಎತ್ತಿ, ಎರಡೂ ಎಸೆದ್ರೆ ಒಂದು ಲೆಕ್ಕ. ಹುಟ್ಟಿದಾಗಿಂದ ಹಂಗೇ ಎಣಿಸಿರೋದು. ನಿಮ್ ಮಿಷಿನ್ಗೆ ಗೊತ್ತಿಲ್ದಿದ್ರೆ ಇವ್ರೇನ್ ಮಾಡಾರು?"

ಕಲ್ಲೇಶನ ವಿದ್ವತ್ತು ಅಲ್ಲೇ ಇಳಿದುಹೋಯಿತು. "ತಪ್ಪಾಯ್ತು ಮಾವ, ನಿಮ್ ಲೆಕ್ಕದಲ್ಲೇ ಇನ್ನೊಂದ್ಸಲ ಆಡಿ" ಎಂದು ಗೋಗರೆದ. ಮಾವ ಊರಿಗೆ ಹೊರಡಲು ತಮ್ಮ ಚೀಲ ಎತ್ತಿಕೊಂಡು, "ಬುಡಿ" ಎಂದರು. ಎಷ್ಟೋ ದಿನದ ಮೇಲೆ ಅಷ್ಟು ಸ್ಪಷ್ಟವಾಗಿ ಬಂದ ಮಾತು. ಹಿಗ್ಗಬೇಕೋ ಕುಗ್ಗಬೇಕೋ ಅಳಿಯನಿಗೆ ತಿಳಿಯಲಿಲ್ಲ.

ಕಾಯಿ ಕೆಡವಿದ ದಿನ ಅವನು ರಜೆ ಹಾಕಿ ಬಿಳಿಗೆರೆಗೆ ಓಡಿದ. ರಾಶಿಯ ಮುಂದೆ ಮಾವ ಜೋಡಿ ಜೋಡಿಯಾಗಿ ಕಾಯಿ ಎಸೆಯುತ್ತಿದ್ದರು. ತಡವರಿಸುತ್ತಾ, ಹುಡುಕುತ್ತಾ, ಆದರೂ ದನಿ ಹೊರಡುತ್ತಿತ್ತು: "ಹನ್ನೊಂದು... ಹನ್ನೆರಡು..."

ಕಲ್ಲೇಶನ ಕಣ್ಣು ತುಂಬಿಬಂತು. ತಡೆಯಲಾರದೆ ಕೂಗಿಬಿಟ್ಟ: "ಭೇಷ್ ಮಾವ! ಎಷ್ಟಾಯ್ತು?"

ಮಾವನ ಕೈ ನಿಂತಿತು. ತುಟಿಯೂ ನಿಂತಿತು. ಕೈಯಲ್ಲಿದ್ದ ಎರಡು ಕಾಯಿಗಳನ್ನೇ ನೋಡುತ್ತಾ ಕೂತು, ಆಮೇಲೆ ಎಣಿಸಿದ್ದನ್ನೆಲ್ಲ ಮತ್ತೆ ರಾಶಿಗೆ ತಳ್ಳಿದರು. ಗದರಲಿಲ್ಲ. (ಗದರಿದ್ದರೆ ಎಷ್ಟೋ ಚೆನ್ನಾಗಿತ್ತು.)

"ಅಳಿಯಂದ್ರೇ," ಅತ್ತೆ ಮೆಲ್ಲಗೆ ಹೇಳಿದರು, "ಒಳಗೆ ಕಾಫಿ ಐತೆ, ಹೋಗಿ ಕುಡೀರಿ. ಹಂಗೇ ಬಾಗ್ಲು ಹಾಕ್ಕಳಿ."