ಕ್ಲೇರ್ ಜಿಲ್ಲೆಯ ಬಾಡಿಗೆದಾರರು

ಅಮೆರಿಕಕ್ಕೆ ಹೋದರೆ ಅಮೆರಿಕನ್ನರ ಜತೆ ಏಗಬೇಕಾಗುತ್ತೆ ಅಂತ ಎಲ್ಲರೂ ಹೇಳಿ ಕಳಿಸಿದ್ದರು. ನಾನು ಏಗಿದ್ದು ಐರ್ಲೆಂಡಿನ ಒಂದು ಜಿಲ್ಲೆಯ ಜತೆ.

ಎಂಬತ್ತರ ದಶಕದಲ್ಲಿ ನಾವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಸಮುದ್ರದ ಕಡೆಯ ಒಂದು ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಜುಲೈ ತಿಂಗಳಲ್ಲೂ ಸ್ವೆಟರ್ ಬಿಚ್ಚಲಾಗದಂಥ ಮಂಜು. ನನ್ನ ಆಫೀಸು ಮೆನ್ಲೋ ಪಾರ್ಕಿನಲ್ಲಿತ್ತು. ಧಾರವಾಡದವಳಾದ ನನ್ನ ಹೆಂಡತಿ ಡಾಕ್ಟರು, ಅವಳ ಆಸ್ಪತ್ರೆ ಊರೊಳಗೇ. ಹಾಗಾಗಿ ದಿನಾ ಫ್ರೀವೇ ಸವೆಸುವ ಭಾಗ್ಯ ನನ್ನ ಪಾಲಿಗೆ ಬಂತು. ಮೇಲಿನ ಮಹಡಿಯಲ್ಲಿ ಮನೆ ಓನರು, ಕೆಳಗೆ ಗ್ಯಾರೇಜಿನ ಹಿಂದೆ ನಾವು. ಓನರು ಕ್ಲೇರ್ ಜಿಲ್ಲೆಯವರು. ಬಡಗಿ ಕೆಲಸದಿಂದ ರಿಟೈರ್ ಆಗಿದ್ದರು, ಕ್ಲೇರಿನಿಂದ ಆಗಿರಲಿಲ್ಲ. ಅಂಥವರ ಮನೆ ಕೆಳಗಿದ್ದ ಮೇಲೆ ಏನಾದರೊಂದು ಆಗುತ್ತಲೇ ಇರುತ್ತೆ. ಆಯಿತು ಕೂಡ.

ಪಕ್ಕದ ಜಿಲ್ಲೆ

ಮನೆ ನೋಡಲು ಹೋದ ದಿನ ಓನರು ನನ್ನ ಕೆಲಸದ ವಿಷಯ ಕೇಳಲೇ ಇಲ್ಲ. ಎಲ್ಲಿಯವನು ಅಂದರು. ಇಂಡಿಯಾ ಅಂದೆ. ಅದು ಮುಖ ನೋಡಿದರೇ ಗೊತ್ತಾಗುತ್ತೆ, ಜಿಲ್ಲೆ ಯಾವುದು ಹೇಳು ಅಂದರು. ಅಮೆರಿಕದಲ್ಲಿ ನನ್ನ ಜಿಲ್ಲೆ ಕೇಳಿದವರು ಅಲ್ಲಿವರೆಗೆ ಯಾರೂ ಇರಲಿಲ್ಲ. ಖುಷಿಯಿಂದ ಮೈಸೂರು ಅಂದೆ. ಪಕ್ಕದ್ದು ಯಾವುದು? ಮಂಡ್ಯ. ಅಲ್ಲಿಯ ಜನ ಹೇಗೆ?

ಒಳ್ಳೆಯವರು ಅಂದೆ. ಓನರ ಮುಖ ಸಪ್ಪಗಾಯಿತು. ಕೈಗೆ ತೆಗೆದುಕೊಂಡಿದ್ದ ಬೀಗದ ಕೈ ಮತ್ತೆ ಜೇಬಿಗೆ ಹೋಯಿತು. ಪಕ್ಕದ ಜಿಲ್ಲೆಯವರನ್ನೇ ಹೊಗಳುವವನನ್ನು ನಂಬಿ ಮನೆ ಹೇಗೆ ಕೊಡೋದು ಅಂತ ಅವರಿಗೆ ಅನಿಸಿರಬೇಕು. ಈ ಮನೆ ತಪ್ಪಿದರೆ ನಮಗೆ ಮತ್ತೆ ಮೋಟೆಲೇ ಗತಿ. ಹೆಂಡತಿ ಮೊಣಕೈಯಿಂದ ತಿವಿದಳು. ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಕಡೆ ಒಂದು ದೊಡ್ಡ ಅಣೆಕಟ್ಟಿದೆ, ಲೋಕವೆಲ್ಲ ಅದನ್ನು ಮೈಸೂರಿನದು ಅನ್ನುತ್ತೆ, ಮಂಡ್ಯದವರು ಮಾತ್ರ ತಮ್ಮದು ಅಂತ ಜಗಳಕ್ಕೆ ಬರುತ್ತಾರೆ ಅಂದೆ. ಅದು ನಿಜವಾಗಿಯೂ ಅವರ ಜಿಲ್ಲೆಯಲ್ಲೇ ಇದೆ ಅನ್ನುವ ಮಾತನ್ನು ನುಂಗಿಕೊಂಡೆ.

ಓನರು ನನ್ನ ಭುಜ ತಟ್ಟಿ ಬೀಗದ ಕೈ ಕೊಟ್ಟರು. ಆಮೇಲೆ ನಮ್ಮ ಮನೆಯಲ್ಲಿ ನಲ್ಲಿ ಸೋರಲಿ, ಬಚ್ಚಲು ಕಟ್ಟಿಕೊಳ್ಳಲಿ, ಸ್ಪ್ಯಾನರ್ ಹಿಡಿದು ಇಳಿದು ಬಂದವರು ಮೊದಲು ಕೇಳುತ್ತಿದ್ದದ್ದು ಒಂದೇ: "ಇದೂ ಆ ಮಂಡ್ಯದವರ ಕೆಲಸವೇನು?"

ಬಿಳಿ ಕೋಟು

ಹರ್ಲಿಂಗ್ ಅಂತ ಐರಿಷರದ್ದೊಂದು ಆಟ. ನಮ್ಮ ಚಿನ್ನಿದಾಂಡನ್ನೂ ಹಾಕಿಯನ್ನೂ ಕಲಸಿ, ಮೇಲೆ ಒಂದು ಮದುವೆಮನೆ ಜಗಳ ಸುರಿದರೆ ಹೇಗಿರುತ್ತೋ ಹಾಗೆ. ಚಪ್ಪಟೆ ಸೌಟಿನಂಥ ಮರದ ದಾಂಡು, ಕಲ್ಲಿನಂಥ ಚರ್ಮದ ಚೆಂಡು. ಭಾನುವಾರ ಕ್ಲೇರಿನವರಿಗೂ ಗಾಲ್ವೇ ಜಿಲ್ಲೆಯವರಿಗೂ ಪಂದ್ಯವಿದೆ, ನೀನು ಬಾ ಅಂತ ಓನರು ಕರೆದರು. ಗಾಲ್ವೇ ಅವರ ಪಕ್ಕದ ಜಿಲ್ಲೆ. ಓನರ ಹೆಂಡತಿ, ಅಂದರೆ ನಮ್ಮ ಓನರಮ್ಮ, ಅಲ್ಲಿಯವರು. ಮತ್ತೆ ಮದುವೆ ಹೇಗಾದಿರಿ ಅಂತ ನಾನೊಮ್ಮೆ ಕೇಳಿದ್ದಕ್ಕೆ, ಡ್ಯಾನ್ಸ್ ಹಾಲಿನಲ್ಲಿ ಬೆಳಕು ಕಮ್ಮಿಯಿತ್ತು ಅಂದಿದ್ದರು.

ನೋಡಲು ಹೋದವನಿಗೆ ಕೆಲಸ ಹಚ್ಚಿದರು. ಗೋಲಿನ ಪಕ್ಕ ನಿಲ್ಲುವ ಅಂಪೈರು ಬಂದಿರಲಿಲ್ಲ. ಇವನಿಗೆ ನಮ್ಮ ಯಾವ ಜಿಲ್ಲೆಯ ಹಂಗೂ ಇಲ್ಲ, ಇವನೇ ಸರಿ ಅಂತ ಎರಡೂ ಕಡೆಯವರು ಒಪ್ಪಿದರು. ಅವತ್ತು ಅವರು ಒಪ್ಪಿದ್ದು ಅದೊಂದನ್ನೇ. ಮಾಂಸದಂಗಡಿಯಿಂದ ಎರವಲು ತಂದ ಬಿಳಿ ಕೋಟು ತೊಡಿಸಿ, ಎರಡು ಬಾವುಟ ಕೈಗೆ ಕೊಟ್ಟರು. ಚೆಂಡು ಅಡ್ಡಪಟ್ಟಿಯ ಕೆಳಗೆ ಹೋದರೆ ಹಸಿರು, ಮೇಲೆ ಹೋದರೆ ಬಿಳಿ, ಹೊರಗೆ ಹೋದರೆ ಯಾವುದೂ ಬೇಡ. ಎಷ್ಟು ಸುಲಭ ನೋಡು ಅಂದರು.

ಮೊದಲ ಚೆಂಡು ನನ್ನ ಮೂಗಿನ ನೇರಕ್ಕೇ ಬಂತು. ಕಂಬದ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿದೆ. ಬಿಟ್ಟಾಗ ಮೈದಾನವೆಲ್ಲ ನನ್ನನ್ನೇ ನೋಡುತ್ತಿತ್ತು. ಚೆಂಡು ಎಲ್ಲಿ ಹೋಯಿತೋ ದೇವರೇ ಬಲ್ಲ. ಈ ಕಡೆಯಿಂದ ಓನರು, ಧರ್ಮ ನೋಡಿ ಹೇಳು ಮಾರಾಯ, ಅದು ಹೊರಗೆ ಹೋಯಿತು ಅಂದರು. ಆ ಕಡೆಯಿಂದ ಓನರಮ್ಮ, ಗೋಲಾಗಿದೆ, ನೀನು ಹೆದರಬೇಡ, ಮನೆ ನನ್ನ ಹೆಸರಲ್ಲೂ ಇದೆ ಅಂದರು. ನನಗೆ ದಿಕ್ಕು ತೋಚದೆ ಎರಡೂ ಬಾವುಟ ಒಟ್ಟಿಗೆ ಎತ್ತಿಬಿಟ್ಟೆ.

ಹಾಗೆತ್ತಿದರೆ ಏನರ್ಥ ಅಂತ ಆ ಆಟ ಹುಟ್ಟಿದಾಗಿನಿಂದ ಯಾರೂ ಯೋಚಿಸಿರಲಿಲ್ಲ. ಈಗ ಎಲ್ಲರೂ ದಾಂಡು ಹಿಡಿದುಕೊಂಡೇ ಒಟ್ಟಿಗೆ ಯೋಚಿಸಲು ಶುರುಮಾಡಿದರು. ನಾನು ಕೋಟು ಬಿಚ್ಚಿ ಕಂಬಕ್ಕೆ ನೇತುಹಾಕಿ ಮೆಲ್ಲಗೆ ಕಾರಿನ ಹತ್ತಿರ ಬಂದೆ. ಹೆಂಡತಿ ಒಳಗೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. ಆಟ ಮುಗೀತೇನ್ರಿ ಅಂದಳು.

"ಇಲ್ಲ, ಈಗ ಶುರುವಾಯ್ತು" ಅಂದೆ.

ಆಲಾಪ

ಶನಿವಾರ ಸಂಜೆಯಾದರೆ ಓನರ ಮನೆಯಲ್ಲಿ ಸಂಗೀತ. ನಾಲ್ಕಾರು ಪಿಟೀಲು, ಜತೆಗೆ ಓನರ ಕಾನ್ಸರ್ಟಿನಾ. ಅದು ಎರಡು ಅಂಗೈ ನಡುವೆ ಹಿಡಿದು ಹಿಗ್ಗಿಸಿ ಕುಗ್ಗಿಸುವ ಪುಟ್ಟ ಹಾರ್ಮೋನಿಯಂ. ತಾಳ ಕಾಲಲ್ಲೇ. ಅವರ ನೆಲ ನಮ್ಮ ಸೂರು, ಹಾಗಾಗಿ ತಾಳ ಬಿದ್ದಾಗಲೆಲ್ಲ ನಮ್ಮ ಸಾರಿನ ಪಾತ್ರೆಗೆ ಸುಣ್ಣ ಉದುರುತ್ತಿತ್ತು.

ಒಂದು ದಿನ ಮೆಟ್ಟಿಲ ಹತ್ತಿರ ಓನರು ಸಿಕ್ಕಾಗ ಹೆಂಡತಿ, ನಮ್ಮ ಧಾರವಾಡದಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಅದು ಸಂಗೀತಗಾರರ ಮನೆ ಮೇಲೇ ಬೀಳೋದು ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಓನರು ಬೆಚ್ಚಿಬಿದ್ದರು. ಈ ಮಾತು ಕ್ಲೇರಿನದು, ನಿಮ್ಮೂರಿಗೆ ಯಾರು ತಂದರು ಅಂದರು. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರನ್ನು ನೋಡುವ ಹಾಗೆ ನೋಡಿಕೊಂಡರು. ಹಾಗಾದರೆ ಶನಿವಾರ ಮೇಲೆ ಬಂದು ಹಾಡು ನೋಡೋಣ ಅಂತ ಮಾತು ಬೆಳೆಯಿತು.

ಅವಳು ಹೋದಳು. ಚಕ್ಕಳಮಕ್ಕಳ ಹಾಕಿ ಕೂತು ಯಮನ್ ರಾಗ ಎತ್ತಿಕೊಂಡಳು. ಚೆನ್ನಾಗಿಯೇ ಹಾಡುತ್ತಿದ್ದಳು, ಗಂಡ ಅಂತ ಹೇಳುತ್ತಿಲ್ಲ. ಆದರೆ ಕೂತಿದ್ದವರೆಲ್ಲ ಕುರ್ಚಿಗೆ ಕೂರುವಷ್ಟರಲ್ಲಿ ಮುಗಿಯುವ ಹಾಡುಗಳ ಜನ. ಸ್ವಲ್ಪ ಹೊತ್ತಾದ ಮೇಲೆ ಓನರು ನನ್ನ ಕಿವಿಗೆ ಬಾಗಿ, ಪಾಪ, ಹಾಡು ಮರೆತುಹೋಯಿತೇ ಅಂದರು. ಇಲ್ಲ, ಹಾಡಿನ ಹತ್ತಿರಕ್ಕೆ ಹೋಗುತ್ತಿದ್ದಾಳೆ ಅಂದೆ. ತಲೆಯಾಡಿಸಿದರು. ಮತ್ತೆ ಬಾಗಿದರು.

"ಇನ್ನೂ ಎಷ್ಟು ದೂರ ಇದೆ?"

ಕೊನೆಗೆ ಅವರ ಕರುಳು ತಡೆಯಲಿಲ್ಲ. ಕಾನ್ಸರ್ಟಿನಾ ಎತ್ತಿಕೊಂಡು ಕುಣಿತದ ಮಟ್ಟೊಂದನ್ನು ಬಾರಿಸಿಯೇಬಿಟ್ಟರು. ದಾರಿ ತಪ್ಪಿದ ಹೆಣ್ಣುಮಗಳನ್ನು ಮನೆಗೆ ಮುಟ್ಟಿಸಿದ ಹಾಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳಿನ್ನೂ ಗಾಂಧಾರದಲ್ಲೇ ನಿಂತಿದ್ದಳಂತೆ. ಉಳಿದದ್ದನ್ನು ಮನೆಗೆ ಬಂದ ಮೇಲೆ ನಾನೊಬ್ಬನೇ ಕೇಳಿದೆ, ಬೈಗುಳದಲ್ಲಿ, ವಿಲಂಬಿತದಿಂದ ದ್ರುತದವರೆಗೆ.

ಮೆರವಣಿಗೆ

ಮಾರ್ಚ್ ತಿಂಗಳಲ್ಲಿ ಐರಿಷರದ್ದೊಂದು ದೊಡ್ಡ ಮೆರವಣಿಗೆ. ಒಂದೊಂದು ಜಿಲ್ಲೆಯವರೂ ತಮ್ಮ ತಮ್ಮ ಬ್ಯಾನರ್ ಹಿಡಿದು ನಡೆಯುತ್ತಾರೆ, ಚೆಂದ ಕಂಡ ಜಿಲ್ಲೆಗೆ ಒಂದು ಬಹುಮಾನ. ಆ ಬಹುಮಾನ ಕ್ಲೇರಿಗೆ ಬಂದದ್ದನ್ನು ನೋಡಿಯೇ ಸಾಯಬೇಕು ಅಂತ ಓನರ ಆಸೆ. ಆದರೆ ಆ ವರ್ಷ ಬ್ಯಾನರ್ ಯಾರು ಹಿಡಿಯಬೇಕು ಅನ್ನೋದರ ಮೇಲೆ ಪೂರ್ವ ಕ್ಲೇರಿನವರಿಗೂ ಪಶ್ಚಿಮ ಕ್ಲೇರಿನವರಿಗೂ ಮಾತು ನಿಂತು, ಅರ್ಧ ಜಿಲ್ಲೆ ಮನೆಯಲ್ಲೇ ಕೂತಿತ್ತು. ಓನರು ಬಂದು, ನಿಮ್ಮವರು ಯಾರಾದರೂ ಸಿಗುತ್ತಾರಾ ಅಂತ ಕೇಳಿದರು. ಅವರ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿರಲಿಲ್ಲ. ಆಗಲಿ ಅಂದೆ.

ಕೊಲ್ಲಿಯ ಆಚೆ ದಡದ ಫ್ರೀಮಾಂಟಿನ ಶಾಲೆಯೊಂದರ ಕೆಫೆಟೀರಿಯಾದಲ್ಲಿ ಕನ್ನಡದವರೆಲ್ಲ ಸೇರಿದ್ದ ದಿನ ವಿಷಯ ಎತ್ತಿದೆ. ಟೀವಿಯಲ್ಲಿ ಬರುತ್ತೆ ಅಂದದ್ದೇ ತಡ, ಎಲ್ಲರೂ ಸಿದ್ಧ. ಅಷ್ಟರಲ್ಲಿ ನನ್ನ ಹೆಂಡತಿ ಎದ್ದು ನಿಂತು, ತಾನು ಗಾಲ್ವೇ ಜತೆ ನಡೆಯುವವಳು, ಹುಬ್ಬಳ್ಳಿ ಧಾರವಾಡ ಬೆಳಗಾವಿಯವರು ತನ್ನ ಜತೆ ಬರಬೇಕು ಅಂದಳು. ಆಲಾಪದ ಗಾಯ ಆರಿರಲಿಲ್ಲ. ಗಾಲ್ವೇಯಲ್ಲಾಗಿದ್ದರೆ ಕೊನೆಯವರೆಗೂ ಕೇಳುತ್ತಿದ್ದರು ಅಂತ ಓನರಮ್ಮ ಬೇರೆ ಹೇಳಿದ್ದರಂತೆ.

ಅಲ್ಲಿಗೆ ಸಭೆ ಎರಡು ಹೋಳಾಯಿತು. ಐರ್ಲೆಂಡನ್ನು ಮ್ಯಾಪಿನಲ್ಲಿ ತೋರಿಸಲಾಗದವರೆಲ್ಲ ಕ್ಲೇರು ಹೆಚ್ಚೋ ಗಾಲ್ವೇ ಹೆಚ್ಚೋ ಅಂತ ವಾದಕ್ಕೆ ನಿಂತರು. ಬಸವನಗುಡಿಯ ಇಂಜಿನಿಯರೊಬ್ಬರಂತೂ, ಕ್ಲೇರಿನ ಜನ ಬಹಳ ಸಂಸ್ಕಾರವಂತರು, ತಮ್ಮ ಮಾವನವರು ಅಮೆರಿಕಕ್ಕೆ ಬರುವಾಗ ವಿಮಾನ ಪೆಟ್ರೋಲಿಗೆ ಅಲ್ಲೇ ನಿಂತಿತ್ತು ಅಂತ ಎದೆ ತಟ್ಟಿ ಹೇಳಿದರು. ಅವರ ಮಗಳು ಅಪ್ಪನ ತೋಳು ಜಗ್ಗಿ, "ಡ್ಯಾಡ್, ಆರ್ ವಿ ಐರಿಷ್?" ಅಂತ ಕೇಳಿದಳು.

ಮೆರವಣಿಗೆಯ ದಿನ ತುಂತುರು, ಜತೆಗೆ ಗಾಳಿ. ಮುಂದೆ ಗಾಲ್ವೇ, ಹಿಂದೆ ನಾವು. ಇಳಕಲ್ ಸೀರೆ ಉಟ್ಟು ಗಾಲ್ವೇ ಬ್ಯಾನರಿನ ಒಂದು ಕೋಲು ಹಿಡಿದಿದ್ದ ನನ್ನ ಹೆಂಡತಿ ತಿರುಗಿ ನನ್ನನ್ನು ಯಾರೋ ಅನ್ನುವ ಹಾಗೆ ನೋಡಿದಳು. ಅವಳ ಹಿಂದಿನವರು ಗಾಲ್ವೇಗೆ ಜೈ ಅಂತ ಹುಬ್ಬಳ್ಳಿ ದನಿಯಲ್ಲಿ ಕೂಗುತ್ತಿದ್ದರು. ನಮ್ಮ ಕಡೆಯವರು ಮೈಸೂರು ಪೇಟ ಕಟ್ಟಿ ಗಂಭೀರವಾಗಿ ನಡೆದೆವು. ಗಾಳಿ ಬೀಸಿ ನನ್ನ ಪೇಟ ಹಾರಿ ಗಾಲ್ವೇಯವರ ಕಾಲ ಬಳಿ ಉರುಳಿತು. ತರಲು ಹೊರಟವನ ತೋಳು ಹಿಡಿದು ಓನರು, ಅತ್ತ ಕಾಲಿಟ್ಟರೆ ಸೋತ ಹಾಗೆ ಅಂದರು. ಹೆಂಡತಿ ಬಗ್ಗಿ ಪೇಟ ಎತ್ತಿಕೊಂಡಳು. ಕೊಡುತ್ತಾಳೆ ಅಂದುಕೊಂಡೆ. ಗಾಲ್ವೇ ಬ್ಯಾನರಿನ ಕೋಲಿನ ತುದಿಗೆ ಸಿಕ್ಕಿಸಿದಳು. ಗಾಲ್ವೇ ಕಡೆಯಿಂದ ಎದ್ದ ಕೂಗು ಫ್ರೀಮಾಂಟಿಗೂ ಕೇಳಿಸಿರಬೇಕು. ನೆನೆದ ತಲೆಯಲ್ಲಿ ನಾನು ಉಳಿದ ದಾರಿ ನಡೆದೆ.

ಬಹುಮಾನ ಕಾರ್ಕ್ ಅನ್ನುವ ಬೇರೊಂದು ಜಿಲ್ಲೆಗೆ ಬಂತು.

ಮನೆಗೆ ನಾಲ್ವರೂ ನನ್ನ ಕಾರಿನಲ್ಲೇ ಹೊರಟೆವು. ಓನರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದು ನೋಡಿ ನನಗೇ ಕಸಿವಿಸಿಯಾಯಿತು. ಕೊನೆಗೆ ಅವರು, ಕಾರ್ಕಿನವರಿಗೆ ತೀರ್ಪುಗಾರರನ್ನು ಒಲಿಸಿಕೊಳ್ಳೋದು ಗೊತ್ತು ಅಂದರು. ಹೌದು ಅಂದರು ಓನರಮ್ಮ. ಮದುವೆಯಾದಾಗಿನಿಂದ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು. ನನಗೆ ಸಾಕಾಗಿತ್ತು. ತಲೆ ಒದ್ದೆ, ಕಾಲು ನೋವು, ಮೂಗು ಸೋರುತ್ತಿತ್ತು. ಅವರು ಚೆನ್ನಾಗಿ ನಡೆದರು, ಅವರಿಗೆ ಬಂತು, ಅಷ್ಟೇ ಅಲ್ಲವೇ ಅಂದುಬಿಟ್ಟೆ.

ಮೂವರೂ ನನ್ನನ್ನು ನೋಡಿದರು. ಕಾರ್ಕ್ ಅನ್ನುವ ಹೆಸರನ್ನು ಅವತ್ತು ಬೆಳಿಗ್ಗೆಯಷ್ಟೇ ಮೊದಲ ಸಲ ಕೇಳಿದ್ದ ನನ್ನ ಹೆಂಡತಿ ಹಿಂದಿನ ಸೀಟಿನಿಂದ ಹೇಳಿದಳು:

"ನಿಮಗ ಗೊತ್ತಿಲ್ಲ, ಸುಮ್ನಿರ್ರಿ. ಈ ಕಾರ್ಕ್ ಮಂದಿ ಮೊದಲಿನಿಂದನೂ ಹಂಗ ಅದಾರ."