ಪಂಕ್ತಿಯಿಂದ ಏಳುವ ವಿದ್ಯೆ

ಮನುಷ್ಯನು ಎರಡು ಕಾಲಿನ ಮೇಲೆ ಎದ್ದು ನಿಂತ ದಿನವೇ ನಾಗರಿಕತೆ ಆರಂಭವಾಯಿತೆಂದು ಬಲ್ಲವರು ಹೇಳುತ್ತಾರೆ. ನಮ್ಮ ಅಣ್ಣನ ಮಗಳ ಪ್ರಕಾರ ಅವತ್ತು ಆರಂಭವಾದದ್ದು ಬೀಳುವುದು! ನಾಗರಿಕತೆ ಆಮೇಲೆ ಬಂತು, ಅದೂ ನೆಲಕ್ಕೆ ನುಣ್ಣನೆಯ ಟೈಲ್ಸ್ ಹಾಕುವುದಕ್ಕೆ.

ಈ ಮಹಾತಾಯಿ ಓದಿದ್ದು ಫಿಸಿಯೋಥೆರಪಿ. ಆಮೇಲೆ ವಯಸ್ಸಾದವರು ಯಾಕೆ ಬೀಳುತ್ತಾರೆ, ಬೀಳದಂತೆ ಏನು ಮಾಡಬೇಕು ಎಂದು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದಳು. ಅಂದಿನಿಂದ ಆಕೆಗೆ ಮನುಷ್ಯರ ಮುಖ ಕಾಣಿಸುವುದು ನಿಂತಿದೆ. ಯಾರೇ ಎದುರು ಬರಲಿ, ಮೊದಲು ಪಾದ, ಆಮೇಲೆ ಮೊಣಕಾಲು. ಮುಖದ ತನಕ ಬರುವಷ್ಟರಲ್ಲಿ ಆ ಮನುಷ್ಯ ದಾಟಿ ಹೋಗಿರುತ್ತಾನೆ. ಒಂದು ಮನೆಯವರಂತೂ "ಎಂಥಾ ನಾಚಗಿ ಹುಡುಗಿರಿ, ತಲಿ ಎತ್ತಿ ನೋಡೂದುಲ್ಲ!" ಎಂದು ಮೆಚ್ಚಿ ಸೊಸೆ ಮಾಡಿಕೊಳ್ಳಲು ಮುಂದೆ ಬಂದಿದ್ದರು. ಆಕೆ ನೋಡುತ್ತಿದ್ದದ್ದು ಹುಡುಗನ ಅಜ್ಜಿಯ ಸವೆದ ಚಪ್ಪಲಿಯನ್ನು. ಕೊನೆಗೆ ಅಜ್ಜಿಯ ಚಪ್ಪಲಿ ಬದಲಾಯಿತು, ಸಂಬಂಧ ಕೂಡಲಿಲ್ಲ.

ಬೆಳಗಾವಿಯ ಮಹಾಂತೇಶ ನಗರದಲ್ಲಿ ನನ್ನ ಗೆಳೆಯನೊಬ್ಬ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಈಕೆಯನ್ನು ಕರೆದುಕೊಂಡು ಹೋಗುವ ಬುದ್ಧಿ ನನಗೆ ಯಾರು ಕೊಟ್ಟರೋ! ನಾವೆಲ್ಲ ಪಡಸಾಲೆಯಲ್ಲಿ ನಿಂತು ಕನ್ನಡಿಯಂಥ ನೆಲವನ್ನು ಹೊಗಳುತ್ತಿದ್ದರೆ ಈಕೆ ಬಚ್ಚಲಮನೆ ಹೊಕ್ಕು, ಒಂದು ತಂಬಿಗೆ ನೀರು ಸುರಿದು, ಬರಿಗಾಲಲ್ಲಿ ತಿಕ್ಕಿ ನೋಡಿ ಹೊರಗೆ ಬಂದಳು.

"ಹೆಂಗನಸ್ತವಾ ಮನಿ?" ಎಂದ ಗೆಳೆಯ, ಎದೆಯುಬ್ಬಿಸಿ.

"ಛಲೋ ಐತ್ರಿ. ಮೊದಲ ಯಾರು ಬೀಳೋರು?"

ಬಾಗಿಲಿಗೆ ಕಟ್ಟಿದ ಮಾವಿನೆಲೆ ಇನ್ನೂ ಹಸಿಯಾಗಿದೆ, ಆಡುವ ಮಾತೇ ಇದು? ನಾನು ನಾಚಿ ತಲೆ ತಗ್ಗಿಸಿದೆ. ದುರ್ದೈವ, ಆ ನೆಲದಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಗೆಳೆಯ ನನ್ನನ್ನು ಬಾಜೂಕ್ಕೆ ಕರೆದ. "ಈಕಿ ಡಾಕ್ಟರೇಟ್ ಮಾಡ್ಯಾಳ ಅಂದೆಲ್ಲೋ, ಯಾತರಾಗ?"

"ಬೀಳೂದರಾಗ."

"ಅದಕ್ಕ ಇಷ್ಟ ಓದಬೇಕೇನೋ? ನಮ್ಮಪ್ಪ ಸಾಲಿ ಕಟ್ಟಿ ಹತ್ತದ ಎರಡ ಸಲ ಬಿದ್ದಿದ್ದ!"

ಒಮ್ಮೆ ಆಕೆಯ ಜೊತೆ, ಬಿದ್ದ ಹಿರಿಯರ ಲೆಕ್ಕ ತೆಗೆಯಲು, ಗುಂಜಿ ಎಂಬ ಹಳ್ಳಿಗೂ ಹೋದೆ. ಅಲ್ಲಿ ಕನ್ನಡದ ನಡುವೆ ಮರಾಠಿಯೂ ಬರುತ್ತದೆ, ನಾನಿದ್ದರೆ ಅನುಕೂಲವೆಂದು ಕರೆದಿದ್ದಳು. ಹೋಗುವ ಮನೆಗಳಲ್ಲೆಲ್ಲ ನಾನು ಗಂಭೀರವಾಗಿ ಕೇಳುತ್ತಿದ್ದೆ: ಅಜ್ಜಿ, ಈಚೆಗೆ ಎಲ್ಲಾದರೂ ಬಿದ್ದಿದ್ದೀರಾ? "ನಾ ಯಾಕ ಬೀಳ್ಲಿ?" ಎಂದು ಅಜ್ಜಿಯರು ನನ್ನನ್ನೇ ತಳ್ಳುವಂತೆ ನೋಡುತ್ತಿದ್ದರು. ಊರಿಗೆ ಊರೇ ಗಟ್ಟಿಯಾಗಿ ನಿಂತಿತ್ತು.

"ನಡಿಯವಾ, ರೈಲು ಹಿಡಿಯೂಣು," ಎಂದೆ.

"ಕುಂದರ್ರಿ ಕಾಕಾ, ಹಂಗ ಕೇಳಿದ್ರ ಯಾರೂ ಹೇಳೂದುಲ್ಲ," ಎಂದವಳೇ ಅಜ್ಜಿಯ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು: "ಮತ್ತ, ಬಾಜೂ ಮನ್ಯಾಗ ಯಾರ ಬಿದ್ರಬೇ?"

ಅಬ್ಬಾ! ಅಣೆಕಟ್ಟಿನ ಬಾಗಿಲು ತೆರೆದಂತಾಯಿತು. ಬಾಜೂ ಮನೆಯಾಕೆ ಹಿತ್ತಲಲ್ಲಿ ಬಿದ್ದದ್ದು, ಬೀಳುವಾಗ ಕೂಗಿದ್ದು, ಸೊಸೆಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡದ್ದು, ಎಲ್ಲವೂ ಹೊರಬಿತ್ತು. ಬಾಜೂ ಮನೆಗೆ ಹೋದೆವು. ಆಕೆ ಬಿದ್ದೇ ಇಲ್ಲವಂತೆ. ಬಿದ್ದದ್ದು ಈ ಮನೆಯಾಕೆಯಂತೆ!

ಮರಳುವ ರೈಲಿನಲ್ಲಿ ನಾನು ಬೆಳಗಾವಿ ಬರುವವರೆಗೂ ನಕ್ಕೆ. ಆಕೆ ನಗಲಿಲ್ಲ. "ಬಿದ್ದೋರಿಗೆ ಬ್ಯಾನಿಗಿಂತ ನಾಚಗಿ ಜಾಸ್ತಿರಿ ಕಾಕಾ. ಹೇಳಿದ್ರ ಮಕ್ಕಳು ಹೊರಗ ಬಿಡೂದುಲ್ಲ ಅಂತ ಅಂಜಿಕಿ. ಹೇಳದ ಕುಂತು ಮತ್ತ ಬೀಳ್ತಾರ."

ಹಳ್ಳಿಯ ಮುದುಕಿಯರ ಸ್ವಭಾವ ಎಷ್ಟು ವಿಚಿತ್ರ, ಎಂದುಕೊಂಡೆ. ಮುಂದಿನ ತಿಂಗಳು ನಾನೇ ಬಿದ್ದೆ.

ಬಿದ್ದ ಬಗೆಯಲ್ಲಾದರೂ ಒಂದು ಘನತೆ ಬೇಡವೇ? ಸ್ನಾನವಾಗಿತ್ತು. ಪಾಯಜಾಮಾದಲ್ಲಿ ಒಂದು ಕಾಲು ತೂರಿಸಿ ಇನ್ನೊಂದನ್ನು ಎತ್ತಿದೆ. ಹೈಸ್ಕೂಲಿನಲ್ಲಿ ತಲೆಮಾರುಗಟ್ಟಲೆ ಹುಡುಗರನ್ನು ಒಂಟಿಗಾಲಲ್ಲಿ ನಿಲ್ಲಿಸಿದ ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು ಒಂದು ಕ್ಷಣವೂ ನಿಲ್ಲಲಾರದೆ ಸೊಂಟ ಊರಿ ಕುಸಿದೆ. ಹೆಂಡತಿ ಸಂತೆಗೆ ಹೋಗಿದ್ದಳು; ದೇವರು ದೊಡ್ಡವನು. ಬಂದಾಗ "ಸ್ಕೂಟರ್ ಸ್ಟ್ಯಾಂಡ್ ಹಾಕುವಾಗ ಬಡಿಯಿತು" ಎಂದೆ. ನಿಜ ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು: ಸ್ಕೂಟರಿನ ಕೀಲಿ ಮಗನ ಕಿಸೆಗೆ, ಬಚ್ಚಲಮನೆಯ ಚಿಲಕ ಬಡಗಿಯ ಚೀಲಕ್ಕೆ, ನಾನು ಕುರ್ಚಿಗೆ.

ನೋವು ಇಳಿಯುವ ಮೊದಲೇ ಖಾನಾಪುರದ ಬೀಗರ ಮನೆಯ ಮದುವೆ ಬಂತು. ಊಟದ ಮನೆಯ ಬಾಗಿಲಲ್ಲಿ ನಮ್ಮ ಡಾಕ್ಟರಮ್ಮ ಕಾವಲು ನಿಂತಿದ್ದಳು. ಹಿರಿಯರಿಗೆಂದು ಹಟ ಹಿಡಿದು ಬೇರೆ ಮೇಜು-ಕುರ್ಚಿ ಹಾಕಿಸಿದ್ದಳು.

"ಕಾಕಾ, ಈ ಕಡೆ ಬರ್ರಿ."

"ಕುರ್ಚಿ ಮ್ಯಾಲ ಮುದುಕರು ಉಣ್ಲಿ," ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ, ನಾನು ನೆಲದ ಪಂಕ್ತಿಯಲ್ಲಿ ಕುಳಿತೆ. ಕೂಡುವುದೇನೂ ಕಷ್ಟವಲ್ಲ, ಅರ್ಧ ದಾರಿಯಿಂದ ಭೂಮಿಯೇ ಎಳೆದುಕೊಳ್ಳುತ್ತದೆ.

ಊಟ ಮುಗಿಯಿತು. ನಮ್ಮ ಕಡೆಯ ಪಂಕ್ತಿಗೆ ಒಂದು ಶಿಸ್ತು: ಸಾಲಿನ ಹಿರಿಯ ಏಳುವ ತನಕ ಉಳಿದವರು ಏಳುವಂತಿಲ್ಲ. ಆ ಸಾಲಿನ ಹಿರಿಯ ನಾನೇ! ಎಲ್ಲರೂ ನನ್ನ ಕಡೆ ನೋಡಿದರು. ನಾನು ಏಳಲು ನೋಡಿದೆ. ಸೊಂಟ ಒಪ್ಪಲಿಲ್ಲ. ಬಡಿಸುವವನು ಆ ಕಡೆ ಬಂದ.

"ಇನ್ನೊಂದು ಹೋಳಿಗಿ ಹಾಕಪಾ," ಎಂದೆ.

ಸಾಲಿಗೆ ಸಾಲೇ ಎಂಜಲು ಒಣಗಿದ ಕೈ ಹಿಡಿದುಕೊಂಡು ಕಾಯಿತು. ಹೋಳಿಗೆ ಮುಗಿಯಿತು. ಅನ್ನ ಕೇಳಿದೆ. ಮಜ್ಜಿಗೆ ಕೇಳಿದೆ. ಮತ್ತೆ ಹೋಳಿಗೆಗೆ ಬಂದೆ.

"ಯಪ್ಪಾ, ಮಾಸ್ತರ ಹೊಟ್ಟಿ ಏನ್ರೋ ಅದು!" ಎಂದು ಯಾರೋ ನಕ್ಕರು. ಎರಡನೆಯ ಪಂಕ್ತಿಯವರು ನಮ್ಮ ಬೆನ್ನಿಗೇ ಬಂದು ನಿಂತಿದ್ದರು. ನನ್ನ ಬೆವರು ಎಲೆಗೆ ಬೀಳುತ್ತಿತ್ತು.

ಆಗ ಪಕ್ಕದಲ್ಲಿ ಸೀರೆಯ ಸದ್ದಾಯಿತು. ಆಕೆ ನನ್ನ ಬಾಜೂಕ್ಕೇ ನೆಲಕ್ಕೆ ಕುಳಿತು ಎಲೆ ಹಾಕಿಸಿಕೊಂಡು, ಎರಡು ತುತ್ತು ತಿಂದು, ಎಲ್ಲರಿಗೂ ಕೇಳುವಂತೆ ಕೂಗಿದಳು:

"ಅಯ್ಯ, ಕಾಲು ಜೋಮ ಹಿಡದಾವು, ನನಗ ಏಳಾಕ ಆಗವಲ್ದು! ಕಾಕಾ, ಸ್ವಲ್ಪ ಆಸರಾಗ್ರಿ."

ಆಮೇಲೆ ನನಗಷ್ಟೇ ಕೇಳುವಂತೆ: "ಮೊದಲ ಒಂದ ಬಗಲಿಗೆ ಹೊಳ್ಳ್ರಿ. ಮೊಣಕಾಲು ಊರ್ರಿ. ಈಗ ನನ್ನ ಹೆಗಲು ಹಿಡೀರಿ. ಅವಸರ ಬ್ಯಾಡ."

ನನ್ನ ಭಾರವೆಲ್ಲ ಆಕೆಯ ಹೆಗಲ ಮೇಲೆ ಬಿತ್ತು. ಇಬ್ಬರೂ ಎದ್ದೆವು. ಸಾಲು ಎದ್ದಿತು.

"ಮಂದಿಗೆ ಏಳಾಕ ಕಲಸೋ ಡಾಕ್ಟರ್, ತನಗ ಏಳಾಕ ಬರೂದುಲ್ಲ!" ಎಂದು ಬೀಗರು ದೊಡ್ಡದಾಗಿ ನಕ್ಕರು. "ಮುದುಕ ಕಾಕಾನ ಎಬ್ಬಸಬೇಕಾತು ನೋಡ್ರಿ!" ಪಂಕ್ತಿಯೆಲ್ಲ ನಕ್ಕಿತು. ಆಕೆಯೂ ನಕ್ಕಳು. ಅಲ್ಲಗಳೆಯಲು ನನಗೆ ಒಂದು ಮಾತು ಸಾಕಿತ್ತು. ನಾನು ಮೀಸೆ ಒರೆಸಿಕೊಂಡೆ.

ಕೈ ತೊಳೆಯುವಲ್ಲಿ ಆಕೆ ನನ್ನ ಮೊಣಕೈ ಹಿಡಿದು ನಿಂತಳು. ಆಕೆ ನನ್ನ ಮುಖ ನೋಡುತ್ತಿದ್ದಳು.

"ಯಾವಾಗ ಬಿದ್ರಿ?"

"ಹೋದ ಅಮಾಸಿ ಮುಂದ. ಪಾಯಜಾಮಾ ಹಾಕ್ಕೊಳ್ಳಾಗ."

ಬೈಯುತ್ತಾಳೆಂದು ಕಾದೆ. ತಂಬಿಗೆಯಿಂದ ನನ್ನ ಕೈಗೆ ನೀರು ಹಾಕಿದಳು. "ಇನ್ನ ಮ್ಯಾಲ ಕುಂತು ಹಾಕ್ಕೋರಿ, ಕಾಕಾ," ಎಂದಳು.

ಹೆಂಡತಿಗೆ ಆ ಸಂಜೆಯೇ ನಿಜ ಹೇಳಿದೆ. ಮರುದಿನ ಎಕ್ಸ್‌ರೇ ಆಯಿತು, ಎಲುಬು ಮುರಿದಿರಲಿಲ್ಲ. ಖಾನಾಪುರದ ಬೀಗರಿಗೆ ಇನ್ನೂ ಹೇಳಿಲ್ಲ.